ಹೆಡ್ಡಿಂಗ್ ಇಲ್ಲದ ಪಟ್ಟಿ

ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಅವರಿಗೆ ನಮ್ಮ ಚಾಮರಾಜನ ಪರಿಚಯ ಇರಲಿಲ್ಲ ಅನ್ನುವುದು ನಿಜ. ಆದರೆ ಅವರ ಕಾಲದಲ್ಲೂ ಇಂಥವನೊಬ್ಬ ಯಾವುದೋ ಸಭೆಯಲ್ಲಿ ಎದ್ದು ನಿಂತಿರಲೇಬೇಕು.

"ಸುಮ್ನೆ ಹೋಗಿ, ಕೂತ್ಕೊಳ್ಳಿ, ಟೀ ಕೊಟ್ರೆ ಕುಡೀರಿ. ಬಾಯಿ ಮಾತ್ರ ಬಿಡ್ಬೇಡಿ" ಎಂದು ಹೆಂಡತಿ ಗಾನವಿ ಮೂರು ಸಲ ಹೇಳಿ ಅವನನ್ನು ಪೋಷಕರ ಸಭೆಗೆ ಕಳಿಸಿದ್ದಳು. ಚಾಮರಾಜ ಮೂರು ಸಲವೂ ತಲೆಯಾಡಿಸಿದ್ದ.

ತಲೆಯಾಡಿಸದೆ ಏನು ಮಾಡಿಯಾನು? ಮಗಳು ಮಾನ್ಯ ಐದನೇ ಕ್ಲಾಸಿನ ಗಣಿತದಲ್ಲಿ ನೂರಕ್ಕೆ ಮೂವತ್ತೊಂದು ತೆಗೆದಿದ್ದಳು. ಅಂದೇ ಗಾನವಿ ಬೀರುವಿನ ಮೇಲಿದ್ದ ಕೆಂಪು ಸೂಟ್‌ಕೇಸನ್ನು ಕೆಳಗಿಳಿಸಿ, ಧೂಳು ಒರೆಸಿ, ಹಾಲಿನ ಬಾಗಿಲ ಪಕ್ಕ ನಿಲ್ಲಿಸಿಬಿಟ್ಟಳು. "ಮುಂದಿನ ಪರೀಕ್ಷೆಯಲ್ಲೂ ಇದೇ ಹಣೆಬರಹ ಆದ್ರೆ ನಾನೂ ಅವಳೂ ಮೈಸೂರಿಗೆ. ಅಮ್ಮನ ಮನೆ ಎದುರಿಗೇ ಟ್ಯೂಶನ್ ಮೇಷ್ಟ್ರಿದ್ದಾರೆ. ನೀವು ನಿಮ್ಮ ಸತ್ವಾಕ್ಕೆ ಹೋಗಿ" ಎಂದಳು. ಮದುವೆಗೆ ಮುಂಚೆ, ಗಲ್ಫಿಗೆ ಬಂದ ಹೊಸತರಲ್ಲಿ, ಚಾಮರಾಜ ಸತ್ವಾದ ಒಂದು ಹಳೇ ವಿಲ್ಲಾದಲ್ಲಿ ಬೆಡ್ ಸ್ಪೇಸ್ ಹಿಡಿದು ಆರು ವರ್ಷ ಕಳೆದಿದ್ದ. ಒಂದು ರೂಮು, ಆರು ಜನ, ಮಹಡಿ ಮಂಚದ ಮೇಲ್ಗಡೆ ಜಾಗ, ಬೆಳಗ್ಗೆ ಬಚ್ಚಲಿಗೆ ಸರದಿ. ಈಗ ಅಲ್ ಬರ್ಷಾದಲ್ಲಿ ಬಾಲ್ಕನಿ ಇರುವ ಮನೆ. ಸಂಜೆ ಕಂಪನಿ ಬಸ್ಸಿಳಿದು ತಲೆಯೆತ್ತಿದರೆ ಆ ಬಾಲ್ಕನಿಯಿಂದ ಮಾನ್ಯ ಕೈಬೀಸುತ್ತಾಳೆ. ಆ ಕೈ ಕಾಣದ ದಿನ ಚಾಮರಾಜನಿಗೆ ಊಟ ಸೇರುತ್ತಿರಲಿಲ್ಲ. ಅಂಥವನಿಗೆ ಹಾಲಿನಲ್ಲಿ ಸೂಟ್‌ಕೇಸ್ ನಿಂತರೆ ಎದೆ ಧಸಕ್ ಅನ್ನದೆ ಇದ್ದೀತೆ?

ಸರಿ, ಸಭೆ ಶುರುವಾಯಿತು. ಪ್ರಿನ್ಸಿಪಾಲ್ ಲೆಸ್ಲಿ ಸರ್ ಮಂಗಳೂರಿನವರು. ಪರದೆಯ ಮೇಲೆ ಒಂದು ಉದ್ದದ ಕಂಬ, ಒಂದು ಗಿಡ್ಡ ಕಂಬ ತೋರಿಸಿದರು.

"ಐದು ಬಿ ಕ್ಲಾಸಿನ ಗಣಿತ ಇದು. ಚೆಂದ ಕಲಿಯುವ ಮಕ್ಕಳು ಇಲ್ಲಿದ್ದಾರೆ, ಹಿಂದುಳಿದ ಮಕ್ಕಳು ಅಲ್ಲಿದ್ದಾರೆ. ನಡುವಿನ ಈ ಅಂತರ ಮುಚ್ಚದೆ ಶಾಲೆ ಸುಧಾರಣೆ ಆಗುದಿಲ್ಲ. ಯೋಜನೆ ಒಂದು ಮಾಡ್ಬೇಕು. ನಿಮಗೆ ಯಾರಿಗಾದ್ರೂ ಎಂತಾದ್ರೂ ಹೊಳೀತದಾ?"

ಇಡೀ ಸಭೆ ಮೊಬೈಲು ನೋಡತೊಡಗಿತು. ಬಾಯಿ ಮುಚ್ಚಿಕೊಂಡಿರಲು ಇದಕ್ಕಿಂತ ಒಳ್ಳೇ ಗಳಿಗೆ ಯಾವುದಿತ್ತು? ಆ ಗಳಿಗೆಯಲ್ಲೇ ಚಾಮರಾಜ ಎದ್ದು ನಿಂತ.

"ಸಾರ್, ನಮ್ಮ ಜೆಬೆಲ್ ಅಲಿಯಲ್ಲಿ ಇಂಥ ಗ್ಯಾಪನ್ನ ಮೂರೇ ತಿಂಗಳಲ್ಲಿ ಮುಚ್ತೀವಿ."

ಜೆಬೆಲ್ ಅಲಿಯಲ್ಲಿ ಅವನು ಮುಚ್ಚುತ್ತಿದ್ದದ್ದು ಶಾಂಪೂ ಮತ್ತು ಮಕ್ಕಳ ಡೈಪರಿನ ಕೊರತೆಯನ್ನು. ಅವನಿದ್ದದ್ದು ಗೋಡೌನಿನ ಸ್ಟಾಕ್ ಲೆಕ್ಕದ ಕೆಲಸದಲ್ಲಿ. ಆದರೆ ಅದನ್ನು ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಯಾರೋ ಚಪ್ಪಾಳೆ ತಟ್ಟಿದರು. ತಮ್ಮ ತಲೆಗೆ ಬರಲಿಲ್ಲವಲ್ಲ ಅನ್ನುವ ಸಂತೋಷಕ್ಕೆ ಉಳಿದವರೂ ತಟ್ಟಿದರು. ಟೀ ಬರುವುದರೊಳಗೆ ಚಾಮರಾಜ ಶಾಲಾ ಸುಧಾರಣಾ ಸಮಿತಿಯ ಸದಸ್ಯನಾಗಿದ್ದ.

ಮರುವಾರ ಮಕ್ಕಳಿಗೊಂದು ಹೊಸ ಪರೀಕ್ಷೆ ಆಯಿತು. ಪುಸ್ತಕದಿಂದ ಒಂದು ಪ್ರಶ್ನೆಯೂ ಇಲ್ಲ, ಬರೀ ಯೋಚನೆಯ ಲೆಕ್ಕಗಳು. ಅಂಕ ಪೋಷಕರಿಗೆ ಹೇಳುವುದಿಲ್ಲ, ಸಮಿತಿಗೆ ಮಾತ್ರ. ಲೆಸ್ಲಿ ಸರ್ ಮೂವತ್ತಾರು ಮಕ್ಕಳ ಅಂಕ ಚಾಮರಾಜನ ಕೈಗೆ ಕೊಟ್ಟು, "ಎಕ್ಸೆಲ್ ಎಲ್ಲ ನನಗೆ ಆಗುದಿಲ್ಲ ಮಾರಾಯ್ರೆ. ಯಾರಿಗೆ ಮೊದಲು ಸಹಾಯ ಬೇಕು ಅಂತ ಒಂದು ಪಟ್ಟಿ ಮಾಡಿ ಕೊಡಿ" ಎಂದರು.

ಪಟ್ಟಿ ಮಾಡುವುದರಲ್ಲಿ ಚಾಮರಾಜನನ್ನು ಮೀರಿಸುವವರಿಲ್ಲ. ಗೋಡೌನಿನಲ್ಲಿ ಒಂದು ಕ್ರಮ ಉಂಟು: ಯಾವ ಮಾಲಿಗೆ ಕೊರತೆ ಎಲ್ಲಕ್ಕಿಂತ ಹೆಚ್ಚೋ ಅದಕ್ಕೆ ನಂಬರ್ ಒಂದು. ಎಷ್ಟು ಬೇಕೋ ಅಷ್ಟು ಭರ್ತಿಯಾಗಿ ಕೂತಿರುವ ಮಾಲು ಕೊನೆಗೆ, ಅದರ ಚಿಂತೆ ಯಾರಿಗೂ ಬೇಡ. ಹದಿನೆಂಟು ವರ್ಷ ಅದನ್ನೇ ಮಾಡಿದ ಕೈ, ಇಲ್ಲೂ ಅದನ್ನೇ ಮಾಡಿತು. ಮೊದಲನೇ ನಂಬರಿಗೆ ಬಂದ ಹೆಸರನ್ನು ಮಾತ್ರ ಎರಡು ಸಲ ಓದಿದ. ಮಾನ್ಯ, ಇಪ್ಪತ್ತೊಂಬತ್ತು ಅಂಕ. ಮೂವತ್ತಾರನೇ ನಂಬರ್ ಅನಿಕೇತ್, ತೊಂಬತ್ತೆಂಟು.

"ಅಂಕ ಕಾಣ್ಬಾರ್ದು, ತೆಗೀರಿ" ಎಂದರು ಲೆಸ್ಲಿ ಸರ್. ತೆಗೆದ. "ಮೇಲೆ ಎಂತ ಬರ್ದದ್ದು, ಕೊರತೆ ಪಟ್ಟಿಯಾ? ಛೆ ಛೆ, ಮಕ್ಕಳು ಎಂತ ಡೈಪರಾ? ಹೆಡ್ಡಿಂಗೂ ತೆಗೀರಿ." ಅದನ್ನೂ ತೆಗೆದ. ಪಟ್ಟಿ ಬೋಳಾಗಿ ಕಂಡಿತು. ಗಾಂಭೀರ್ಯ ಬರಲಿ ಅಂತ ತಲೆಯ ಮೇಲೆ ಶಾಲೆಯ ಲಾಂಛನ ಅಂಟಿಸಿದ. ಸಂಜೆ ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತಾ ಸಮಿತಿಯ ವಾಟ್ಸಾಪ್ ಗುಂಪಿಗೇ ಕಳಿಸಿದೆ ಅಂದುಕೊಂಡು ಕಣ್ಣು ಮುಚ್ಚಿದ. ಸಮಿತಿಯ ಗುಂಪಿಗೂ ಪೋಷಕರ ಗುಂಪಿಗೂ ಇದ್ದದ್ದು ಅದೇ ಲಾಂಛನ ಅನ್ನುವುದು ಕಣ್ಣು ಮುಚ್ಚಿದವನಿಗೆ ಹೇಗೆ ಗೊತ್ತಾಗಬೇಕು?

ನೋಡಿ, ನಮ್ಮ ಜನದ ಕೈಗೆ ಮಕ್ಕಳ ಹೆಸರಿರುವ ಪಟ್ಟಿ ಸಿಕ್ಕರೆ, ಎಡಗಡೆ ಒಂದು, ಎರಡು, ಮೂರು ಅಂತ ಇದ್ದರೆ, ಅದು ಏನು ಅಂತ ಯಾರಾದರೂ ಕೇಳುತ್ತಾರೆಯೇ? ರ‍್ಯಾಂಕ್! ಬೇರೆ ಇನ್ನೇನು?

ಅಲ್ ಬರ್ಷಾದಲ್ಲಿ ಬಸ್ಸಿಳಿದು ಲಿಫ್ಟಿನ ಹತ್ತಿರ ಬರುವಷ್ಟರಲ್ಲಿ ನಾಲ್ಕನೇ ಮಹಡಿಯ ಮುಝಫ್ಫರ್ ಅವನನ್ನು ಅಪ್ಪಿಕೊಂಡ. ಭಟ್ಕಳದವನು, ಬಟ್ಟೆ ಅಂಗಡಿಯವನು, ಅಪ್ಪಿಕೊಂಡರೆ ಪಕ್ಕೆಲುಬು ಎಣಿಸಿಕೊಳ್ಳಬೇಕು.

"ಮುಬಾರಕ್ ಚಾಮರಾಜ್ ಭಾಯ್! ಪಟ್ಟಿ ನೋಡಿದೆ. ನಿಮ್ಮ ಮಗಳು ಒಂದು, ನಮ್ಮ ಅಫ್ಫಾನ್ ಎರಡು!"

ಚಾಮರಾಜನಿಗೆ ತಲೆ ಬುಡ ತಿಳಿಯಲಿಲ್ಲ. ಪಟ್ಟಿ ಇವನಿಗೆ ಹೇಗೆ ಸಿಕ್ಕಿತು? ಮಗ ಕೆಳಗಿನಿಂದ ಎರಡನೆಯವನು, ಅಪ್ಪ ಕುಣಿಯುತ್ತಿದ್ದಾನೆ. ಎಂಥ ದೊಡ್ಡ ಮನಸ್ಸಪ್ಪಾ ಇವನದು!

"ಬೇಜಾರಿಲ್ವಾ ಭಾಯ್?"

"ಬೇಜಾರೆಂತದು? ನಿಮ್ಮ ಮಗಳು ಬೇರೆಯವಳಾ? ಮುಂದಿನ ಸಲ ನೋಡಿ, ನಮ್ಮ ಅಫ್ಫಾನೇ ಒಂದನೇ ನಂಬರ್ ಬರ್ತಾನೆ, ಇನ್ಶಾಲ್ಲಾ!"

"ಅಯ್ಯೋ, ಹಾಗೆಲ್ಲ ಅನ್ಬೇಡಿ, ಬಿಡ್ತು ಅನ್ನಿ" ಎಂದ ಚಾಮರಾಜ, ಕಳವಳದಿಂದ.

"ನೋಡಿ ನೋಡಿ, ನಿಮಗೆ ಈಗಲೇ ಹೊಟ್ಟೆಕಿಚ್ಚು!" ಎಂದು ಮುಝಫ್ಫರ್ ಬೆನ್ನಿಗೊಂದು ಗುದ್ದಿ ನಕ್ಕುಬಿಟ್ಟ.

ಮನೆಯ ಬಾಗಿಲು ತೆರೆದರೆ ತುಪ್ಪದಲ್ಲಿ ದ್ರಾಕ್ಷಿ ಗೋಡಂಬಿ ಹುರಿದ ವಾಸನೆ. ಗಾನವಿ ಎರಡು ತಿಂಗಳ ನಂತರ ನಗುತ್ತಿದ್ದಳು. ಸಕ್ಕರೆ ಡಬ್ಬಿಗೆ ಒರಗಿಸಿದ್ದ ಮೊಬೈಲಿನಲ್ಲಿ ಮೈಸೂರಿನಿಂದ ಅತ್ತೆ ಪುಟ್ಟಮ್ಮನವರ ಮುಖ, ಅರ್ಧ ಹಣೆ ಅರ್ಧ ಫ್ಯಾನು.

"ಅಳಿಯಂದಿರೇ, ಬೇಳೆ ಬೇಯಕ್ಕಿಟ್ಟಿದೀನಿ. ನಾಳೆ ಇಡೀ ಬೀದಿಗೆ ಹೋಳಿಗೆ! ಟ್ಯೂಶನ್ ಮೇಷ್ಟ್ರಿಗೂ ಎರಡು ಕೊಟ್ಟು, ನಮ್ಮ ಮೊಮ್ಮಗಳಿಗೆ ನಿಮ್ಮ ಅಗತ್ಯ ಇಲ್ಲ ಅಂತ ಹೇಳಿ ಬರ್ತೀನಿ."

"ಪುಸ್ತಕದ್ದು ಬೇರೆ ರೀ, ಯೋಚನೆಯದು ಬೇರೆ" ಎಂದು ಗಾನವಿ ಪಾಯಸದ ಬಟ್ಟಲು ಅವನ ಕೈಗಿಟ್ಟಳು. "ಇದು ನಮ್ಮ ಕಡೆಯ ಬುದ್ಧಿ."

ಮಾನ್ಯ ಮೂಲೆಯಲ್ಲಿ ಕೂತು ಅಪ್ಪನನ್ನೇ ನೋಡುತ್ತಿದ್ದಳು. ಚಾಮರಾಜ ಬಟ್ಟಲು ಹಿಡಿದು ಇನ್ನೂ ಯೋಚಿಸುತ್ತಿದ್ದ: ಕೊರತೆ ಪಟ್ಟಿಗೆ ಪಾಯಸ ಯಾಕೆ? ಅಷ್ಟರಲ್ಲಿ ಬೆಲ್ಲು. ಬಾಗಿಲಲ್ಲಿ ಆರನೇ ಮಹಡಿಯ ರಘುನಂದನ, ಬೆಂಗಳೂರಿನವನು, ಐಟಿಯಲ್ಲಿ ದೊಡ್ಡ ಹುದ್ದೆ. ಕೊರಳಲ್ಲಿ ಆಫೀಸಿನ ಕಾರ್ಡು ಹಾಗೇ ನೇತಾಡುತ್ತಿತ್ತು.

"ಮೂವತ್ತಾರಕ್ಕೆ ಮೂವತ್ತಾರನೇ ನಂಬರ್! ನನ್ನ ಮಗ ಕೊನೆ! ಪ್ರತಿ ಸಲ ತೊಂಬತ್ತೈದರ ಮೇಲೆ ತೆಗೀತಿದ್ದ ಹುಡುಗ ಸಾರ್ ಅವ್ನು! ನೀವು ಸಮಿತಿಯಲ್ಲಿದ್ದೀರಲ್ಲ, ಏನ್ರೀ ಇದು ಅನ್ಯಾಯ?"

ಆಗ ಹೊಳೆಯಿತು ನೋಡಿ ಚಾಮರಾಜನಿಗೆ. "ಅದು ಹಾಗಲ್ಲ ರಘುನಂದನ್ ಅವ್ರೇ, ಅದೂ..." ಎಂದು ಬಾಯಿ ತೆರೆದ. ತೆರೆದವನ ಕಣ್ಣು ಬಾಗಿಲ ಪಕ್ಕಕ್ಕೆ ಹೋಯಿತು. ಸೂಟ್‌ಕೇಸ್ ಇರಲಿಲ್ಲ. ಬೀರುವಿನ ಮೇಲೆ ಹತ್ತಿ ಕೂತಿತ್ತು. ಚಾಮರಾಜ ತೆರೆದ ಬಾಯಿಗೆ ಒಂದು ಚಮಚ ಪಾಯಸ ತುಂಬಿಕೊಂಡ. ಸುಮ್ಮನಿರಬೇಕಾದಲ್ಲಿ ಮಾತಾಡುವುದು, ಮಾತಾಡಬೇಕಾದಲ್ಲಿ ಪಾಯಸ ನುಂಗುವುದು, ಇದೇ ಅವನ ಜಾತಕ.

ಮರುದಿನ ರಘುನಂದನ ರಜೆ ಹಾಕಿ ಶಾಲೆಗೆ ನುಗ್ಗಿದ. ಗೋಡೌನಿಗೆ ತಡವಾಗುತ್ತೆ ಅಂತ ಹೇಳಿ ಚಾಮರಾಜನೂ ಹಿಂದೆಯೇ ಓಡಿದ. ಲೆಸ್ಲಿ ಸರ್ ಶಾಂತವಾಗಿ ಕನ್ನಡಕ ಒರೆಸಿಕೊಂಡರು.

"ಅನಿಕೇತನ ಬಗ್ಗೆ ನೀವು ಎಂತಕ್ಕೆ ತಲೆಬಿಸಿ ಮಾಡ್ತೀರಿ? ಅವನಿಗೆ ನಾವು ಎಂತದೂ ಮಾಡ್ಲಿಕ್ಕಿಲ್ಲ."

"ಏನೂ ಮಾಡೋದಿಲ್ವಾ?" ರಘುನಂದನ ಕುರ್ಚಿಯ ಅಂಚಿಗೆ ಬಂದ. "ಅಷ್ಟು ಬೇಗ ಕೈಬಿಟ್ರಾ ಸಾರ್?"

"ಕೈ ಬಿಡುದಲ್ಲ ಮಾರಾಯ್ರೆ. ಅವನಷ್ಟಕ್ಕೆ ಅವನನ್ನು ಬಿಟ್ಟುಬಿಡಿ ಅಂತ. ಶನಿವಾರದ ವಿಶೇಷ ತರಗತಿ ಮೊದಲ ಹನ್ನೆರಡು ಮಕ್ಕಳಿಗೆ ಮಾತ್ರ."

ರಘುನಂದನ ಎದ್ದು ಹೊರಟುಹೋದ. ಅಂದೇ ಸಂಜೆ ಅನಿಕೇತನಿಗೆ ಮೂವರು ಟ್ಯೂಶನ್ ಮೇಷ್ಟ್ರು ಗೊತ್ತಾದರು. ಒಬ್ಬ ಕಲಿಸಿದ ದಾರಿ ತಪ್ಪು ಅಂತ ಇನ್ನೊಬ್ಬ, ಅವನದೂ ತಪ್ಪು ಅಂತ ಮತ್ತೊಬ್ಬ.

ಇನ್ನು ಆ ಶನಿವಾರದ ಕಥೆ ಕೇಳಿ. ಹಿಂದುಳಿದ ಮಕ್ಕಳಿಗೆ ಪಾಠ ಅಂತ ಶಾಲೆ ಏಳು ವರ್ಷದಿಂದ ಕರೆಯುತ್ತಿತ್ತು. ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಒಬ್ಬರ ಮಗುವಿಗೆ ಹೊಟ್ಟೆನೋವು, ಇನ್ನೊಬ್ಬರ ಮನೆಗೆ ನೆಂಟರು. ಮರ್ಯಾದೆಯ ಪ್ರಶ್ನೆ ಸ್ವಾಮಿ! ಈ ಶನಿವಾರ ಬೆಳಗ್ಗೆ ಎಂಟಕ್ಕೆ ಹನ್ನೆರಡಕ್ಕೆ ಹನ್ನೆರಡು ಮಕ್ಕಳೂ ತಲೆಗೆ ಎಣ್ಣೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಹಾಜರ್. ಗೇಟಿನ ಹೊರಗೆ ಪಟ್ಟಿಯಲ್ಲಿ ಹದಿಮೂರರಿಂದ ಕೆಳಗಿನ ಮಕ್ಕಳ ತಾಯಂದಿರ ಗುಂಪು. "ನನ್ನ ಮಗಳನ್ನೂ ಸೇರಿಸ್ಕೊಳ್ಳಿ, ಬೇಕಾದ್ರೆ ನೆಲದ ಮೇಲೆ ಕೂರ್ತಾಳೆ" ಎಂದು ಒಬ್ಬಾಕೆ ಕಾವಲುಗಾರನ ಹತ್ತಿರ ಗೋಗರೆಯುತ್ತಿದ್ದಳು. ಅವನೋ ನೇಪಾಳದವನು, "ಮಾಫಿ ಮುಶ್ಕಿಲ್, ಮೇಡಂ" ಎಂದು ಅರಬ್ಬಿಯಲ್ಲಿ 'ಏನೂ ತೊಂದರೆ ಇಲ್ಲ' ಅನ್ನುತ್ತಾ ಗೇಟು ಮಾತ್ರ ತೆಗೆಯಲಿಲ್ಲ.

ಲೆಸ್ಲಿ ಸರ್ ಕಿಟಕಿಯಿಂದ ನೋಡಿ ಕಣ್ಣು ಉಜ್ಜಿಕೊಂಡರು. "ಏಳು ವರ್ಷದಲ್ಲಿ ಆಗದ್ದು! ನೀವು ಎಂತ ಮಾಡಿದ್ದು ಮಾರಾಯ್ರೆ?"

ಸತ್ಯ ಹೇಳಿಬಿಡೋಣ ಅಂತಲೇ ಬಂದಿದ್ದ ಚಾಮರಾಜ. "ಏನೂ ಇಲ್ಲ ಸಾರ್. ಹೆಡ್ಡಿಂಗ್ ತೆಗೆದೆ, ಅಷ್ಟೆ."

"ವಿನಯ ನೋಡಿ ಇವರದ್ದು!" ಎಂದು ಲೆಸ್ಲಿ ಸರ್ ಅವನ ಕೈ ಕುಲುಕಿದರು.

ಒಳಗೆ ಮುಬೀನ ಟೀಚರ್ ಖುಬ್ಬೂಸ್ ರೊಟ್ಟಿ ಹರಿದು ಭಿನ್ನರಾಶಿ ಕಲಿಸುತ್ತಿದ್ದರು. ಅರ್ಧ, ಕಾಲು, ಅರೆಕಾಲು. ಸರಿಯಾಗಿ ಹೇಳಿದವರಿಗೆ ಆ ತುಂಡು ಜೇನುತುಪ್ಪದ ಜೊತೆ. ಆಮೇಲಾಮೇಲೆ ಮನೆಯಲ್ಲಿ ಮಾನ್ಯ ಚಪಾತಿ, ದೋಸೆ, ಆಮ್ಲೆಟ್ ಯಾವುದನ್ನೂ ಇಡಿಯಾಗಿ ಉಳಿಸಲಿಲ್ಲ. "ಅಪ್ಪಾ, ನಿನಗೆ ತ್ರೀ ಏಟ್ಸ್, ಅಮ್ಮನಿಗೆ ಹಾಫ್. ನನಗೆಷ್ಟು ಹೇಳು?" ಎಂದು ಕೇಳಿ, ಚಾಮರಾಜ ಬೆರಳು ಎಣಿಸುವಷ್ಟರಲ್ಲಿ ತನ್ನ ಪಾಲು ತಿಂದು ಮುಗಿಸುತ್ತಿದ್ದಳು. ಸಂಜೆ ಅಫ್ಫಾನ್ ಮೇಲಕ್ಕೆ ಬಂದು ಅವಳ ಜೊತೆ ಲೆಕ್ಕ ಮಾಡುತ್ತಿದ್ದ. ಮಕ್ಕಳು ಯಾಕೆ ಇಷ್ಟು ಅವಸರದಲ್ಲಿ ಕಲಿಯುತ್ತಿವೆ ಅಂತ ಚಾಮರಾಜನಿಗೆ ಅರ್ಥವಾಗಲಿಲ್ಲ. ಅವನಿಗೆ ಅರ್ಥವಾಗದ ವಿಷಯಗಳು ಬಹಳ ಇದ್ದುದರಿಂದ ಇದನ್ನೂ ಅವುಗಳ ಜೊತೆ ಸೇರಿಸಿದ.

ಮೂರು ತಿಂಗಳು ಕಳೆದು ಎರಡನೇ ಪರೀಕ್ಷೆ ಆಯಿತು. ಅಂಕ ನೋಡಿದ ಚಾಮರಾಜನಿಗೆ ಗೋಡೌನಿನಲ್ಲೇ ಕುಣಿಯಬೇಕು ಅನ್ನಿಸಿತು. ಮಾನ್ಯ ಅರವತ್ತೆಂಟು! ಅಫ್ಫಾನ್ ಅರವತ್ತೈದು! ಕೊರತೆಯ ಲೆಕ್ಕದಲ್ಲಿ ಮಾನ್ಯಳ ನಂಬರ್ ಒಂದರಿಂದ ಹದಿನೇಳಕ್ಕೆ ಜಾರಿತ್ತು. ಅನಿಕೇತ ಮಾತ್ರ ಮೂರು ಮೇಷ್ಟ್ರ ನಡುವೆ ಸಿಕ್ಕಿ, ತೊಂಬತ್ತರಲ್ಲಿ ನಿಂತು, ಮೂವತ್ತೊಂದನೇ ನಂಬರಿಗೆ ಬಂದಿದ್ದ.

ಈ ಸಲ ಚಾಮರಾಜ ನಿದ್ದೆಗಣ್ಣಿನಲ್ಲಿ ಯಾವ ಗುಂಪಿಗೂ ಕಳಿಸಲಿಲ್ಲ. ಪಟ್ಟಿಯನ್ನು ಲೆಸ್ಲಿ ಸರ್ ಕೈಗೇ ಕೊಟ್ಟು ಬಂದ. ಲೆಸ್ಲಿ ಸರ್ ಏನು ಮಾಡಿದರು? ಹೋದ ಸಲದ ಪಟ್ಟಿಯಿಂದ ಅಷ್ಟು ಒಳ್ಳೆಯದಾಯಿತಲ್ಲ ಅಂತ ಸಂತೋಷದಲ್ಲಿ ತಾವೇ ಪೋಷಕರ ಗುಂಪಿಗೆ ಹಾಕಿಬಿಟ್ಟರು.

ಸಂಜೆ ಬಸ್ಸಿಳಿದು ತಲೆಯೆತ್ತಿದರೆ ಬಾಲ್ಕನಿ ಖಾಲಿ.

ಮೆಟ್ಟಿಲು ಹತ್ತಿ ಓಡಿದ, ಲಿಫ್ಟು ಇರುವುದೂ ನೆನಪಾಗಲಿಲ್ಲ. ಹಾಲಿನ ನಡುವೆ ಕೆಂಪು ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿತ್ತು. ಒಳಗೆ ಮಾನ್ಯಳ ಅಂಗಿಗಳು. ಸಕ್ಕರೆ ಡಬ್ಬಿಗೆ ಒರಗಿದ ಮೊಬೈಲಿನಲ್ಲಿ ಪುಟ್ಟಮ್ಮನವರು ಸೆರಗಿನಲ್ಲಿ ಮೂಗು ಒರೆಸುತ್ತಿದ್ದರು.

"ಒಂದನೇ ನಂಬರಲ್ಲಿದ್ದ ಮಗು ಹದಿನೇಳಕ್ಕೆ ಬಿತ್ತಲ್ಲಪ್ಪಾ! ಬೀದಿಯವರ ಕಣ್ಣೇ ಬಿತ್ತು. ನಾಳೆಯೇ ಕಳಿಸಿಬಿಡಿ ಅಳಿಯಂದಿರೇ, ನಾನು ಆ ಮೇಷ್ಟ್ರ ಕಾಲಿಗೆ ಬಿದ್ದಾದರೂ ಸೇರಿಸ್ತೀನಿ."

"ನೀವೇ ತಾನೆ ಸಮಿತಿ? ಇದೇನಾ ನಿಮ್ಮ ಸುಧಾರಣೆ?" ಎಂದು ಗಾನವಿ ಇನ್ನೊಂದು ಅಂಗಿ ಮಡಚಿದಳು. ಕಣ್ಣು ಕೆಂಪಾಗಿತ್ತು.

ಆಗಲೇ ಬೆಲ್ಲು. ಬಾಗಿಲು ತೆರೆದರೆ ರಘುನಂದನ, ಕೈಯಲ್ಲಿ ದೊಡ್ಡ ಮಿಠಾಯಿ ಡಬ್ಬಿ, ಮುಖ ತುಂಬಾ ನಗು. ಹಿಂದೆ ಅನಿಕೇತ್, ಜೋಲು ಮುಖ.

"ತಗೊಳ್ಳಿ ಚಾಮರಾಜ್ ಅವ್ರೇ, ಕಾಜು ಬರ್ಫಿ! ಮೂವತ್ತಾರರಿಂದ ಮೂವತ್ತೊಂದು! ಐದು ಮೆಟ್ಟಿಲು ಹತ್ತಿದ ನನ್ನ ಮಗ!" ಆಮೇಲೆ ಸೂಟ್‌ಕೇಸ್ ಕಂಡು ದನಿ ತಗ್ಗಿಸಿದ. "ನಿಮ್ಮದು ಗೊತ್ತಾಯ್ತು. ಬೇಜಾರು ಮಾಡ್ಕೋಬೇಡಿ. ಮಕ್ಕಳು ಅಂದ್ಮೇಲೆ ಏಳು ಬೀಳು ಇದ್ದದ್ದೇ."

ಚಾಮರಾಜನ ಸ್ಥಿತಿ ಬಾಯಲ್ಲಿಟ್ಟ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಗೆದ್ದವರ ಮನೆಯಲ್ಲಿ ಅಳು, ಬಿದ್ದವರ ಕೈಯಲ್ಲಿ ಬರ್ಫಿ. ರಘುನಂದನ ಒಂದು ತುಂಡು ಬಾಯಿಯ ಹತ್ತಿರ ತಂದ. ಈ ಸಲ ಚಾಮರಾಜ ಅದನ್ನು ಬಾಯಿಗೆ ಹಾಕಿಕೊಳ್ಳದೆ, ಮುಖ ಪಕ್ಕಕ್ಕೆ ತಿರುಗಿಸಿ, ಒಂದೇ ಉಸಿರಿಗೆ ಹೇಳಿಬಿಟ್ಟ.

"ಅದು ರ‍್ಯಾಂಕ್ ಅಲ್ಲ, ಕೊರತೆ ಪಟ್ಟಿ! ಒಂದನೇ ನಂಬರ್ ಅಂದ್ರೆ ಎಲ್ಲರಿಗಿಂತ ಹಿಂದೆ. ಮಾನ್ಯ ಆಗ ಕ್ಲಾಸಿಗೇ ಕೊನೆ, ಇಪ್ಪತ್ತೊಂಬತ್ತು. ಈಗ ಅರವತ್ತೆಂಟು. ಅನಿಕೇತ್ ಆಗ ಕ್ಲಾಸಿಗೇ ಮೊದಲು!"

ಮೊದಲು ಮಾತು ಬಂದದ್ದು ಮೈಸೂರಿನಿಂದ.

"ಹಾಗಾದ್ರೆ ನಾನು ಇಡೀ ಬೀದಿಗೆ ಹೋಳಿಗೆ ಹಂಚಿದ್ದು ಯಾತಕ್ಕಪ್ಪಾ?"

"ಮೊಮ್ಮಗಳು ಕೊನೆ ಬಂದಿದ್ದಕ್ಕೆ, ಅತ್ತೆ."

ರಘುನಂದನ ಕೈಯಲ್ಲಿದ್ದ ಬರ್ಫಿಯನ್ನು ನೋಡಿದ. "ಹಾಗಾದ್ರೆ ನಾನೀಗ..."

"ಮಗ ಎಂಟು ಅಂಕ ಕಳ್ಕೊಂಡಿದ್ದಕ್ಕೆ" ಎಂದ ಚಾಮರಾಜ, ತಲೆ ತಗ್ಗಿಸಿ.

"ನಾನು ಚೆನ್ನಾಗೇ ಬರೆದಿದ್ದೆ ಅಂತ ಮೂರು ತಿಂಗಳಿಂದ ಹೇಳ್ತಾ ಇದ್ದೆ ಡ್ಯಾಡಿ" ಎಂದು ಅನಿಕೇತ್ ಅಳತೊಡಗಿದ.

ಗಾನವಿ ಮಡಚಿದ ಅಂಗಿ ಕೈಯಲ್ಲಿ ಹಿಡಿದೇ ಮಗಳ ಕಡೆ ತಿರುಗಿದಳು. "ಮಾನ್ಯಾ, ನೀನು ಕೊನೆ ಬಂದಿದ್ಯಂತೆ. ಕೇಳಿಸ್ತಾ?"

"ಐ ನೋ, ಅಮ್ಮಾ."

"ಯಾವಾಗ ಗೊತ್ತಾಯ್ತು?"

"ಫಸ್ಟ್ ಸ್ಯಾಟರ್ಡೇನೇ. ಕ್ಲಾಸಲ್ಲಿ ಯಾರ್ಯಾರಿದ್ರು ನೋಡಿದ ಕೂಡಲೇ ಗೊತ್ತಾಯ್ತು. ನಾನು, ಅಫ್ಫಾನ್, ಮರ್ಯಮ್... ಯಾರಿಗೆ ಲೆಕ್ಕ ಬರಲ್ಲ ಅಂತ ನಮ್ಮ ನಮ್ಮಲ್ಲಿ ಗೊತ್ತಿರಲ್ವಾ? ಹನ್ನೆರಡು ಜನಕ್ಕೂ ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಮಾನ್ಯ ಸೂಟ್‌ಕೇಸಿನ ಕಡೆ ನೋಡಿದಳು. "ನೀನು ನಗ್ತಿದ್ದೆ. ಅಫ್ಫಾನ್ ಅಬ್ಬಾ ಅವನ ಅಂಗಿಗೆ ತಾನೇ ಇಸ್ತ್ರಿ ಹಾಕ್ತಿದ್ರು. ನಿಮಗೆ ಗೊತ್ತಾಗೋ ಮುಂಚೆ ಬೇಗ ಬೇಗ ಕಲಿತುಬಿಡೋಣ ಅಂದ್ಕೊಂಡ್ವಿ. ಅಪ್ಪ ಸತ್ವಾಕ್ಕೆ ಹೋಗ್ಬಾರ್ದಲ್ಲ, ಅದಕ್ಕೆ."

ಚಾಮರಾಜನಿಗೆ ಅಳು ಬಂದುಬಿಟ್ಟಿತು. ಅತ್ತ. ಹೆಂಡತಿ, ಅತ್ತೆ, ನೆರೆಯವನು ಎಲ್ಲರ ಎದುರಿಗೂ ನಾಚಿಕೆಯಿಲ್ಲದೆ ಅತ್ತ. ಗಾನವಿ ಅಂಗಿಗಳನ್ನೆಲ್ಲ ಬಾಚಿ ತೆಗೆದು, ಸೂಟ್‌ಕೇಸ್ ಮುಚ್ಚಿ ಅವನ ಕಡೆ ನೂಕಿದಳು. "ಎತ್ತಿಡಿ ಮೇಲೆ. ಹಿಂದಕ್ಕೆ ತಳ್ಳಿ ಇಡಿ, ನನ್ನ ಕೈಗೆ ಎಟುಕಬಾರ್ದು." ಆಮೇಲೆ ರಘುನಂದನನ ಕೈಯಿಂದ ಡಬ್ಬಿ ತೆಗೆದುಕೊಂಡು ಮೊದಲ ಬರ್ಫಿಯನ್ನು ಅಳುತ್ತಿದ್ದ ಅನಿಕೇತನ ಬಾಯಿಗಿಟ್ಟಳು.

ರಘುನಂದನ ಮಗನ ಕಣ್ಣೊರೆಸಿ, ಮೆಲ್ಲಗೆ ಕೇಳಿದ: "ಸಾರ್, ಆ ಶನಿವಾರದ ಕ್ಲಾಸಿಗೆ... ಈಗ ಇವನನ್ನ ತಗೊಳ್ತಾರಾ?"

ಅಷ್ಟರಲ್ಲಿ ಚಾಮರಾಜನ ಮೊಬೈಲು ಬಡಿದುಕೊಂಡಿತು. ಲೆಸ್ಲಿ ಸರ್. ದನಿ ಇಡೀ ಹಾಲಿಗೆ ಕೇಳುತ್ತಿತ್ತು. "ಚಾಮರಾಜರೇ, ನಮ್ಮ ಅಬುಧಾಬಿ ಶಾಖೆಯವರಿಗೆ ಗೊತ್ತಾಗಿದೆ. ಅಲ್ಲಿಯೂ ಅಂತರ ಮುಚ್ಚಬೇಕಂತೆ. ನೀವೇ ಬಂದು ಪಟ್ಟಿ ಮಾಡಿಕೊಡ್ಬೇಕಂತೆ. ಎಂತ ಹೇಳ್ಲಿ?"

ಚಾಮರಾಜ ಮೂಗು ಒರೆಸಿಕೊಂಡು, ಕೈಯಲ್ಲಿ ಸೂಟ್‌ಕೇಸ್ ಹಿಡಿದೇ ಹೆಂಡತಿಯ ಮುಖ ನೋಡಿದ. ಈ ಸಲ ಬಾಯಿ ಬಿಡುವುದೋ ಬೇಡವೋ ಅವನಿಗೆ ನಿಜಕ್ಕೂ ಗೊತ್ತಾಗಲಿಲ್ಲ.

"ಬರ್ತೀನಿ ಅನ್ನಿ" ಎಂದಳು ಗಾನವಿ. "ಆದ್ರೆ ಅಲ್ಲೂ ಹೆಡ್ಡಿಂಗ್ ಬರೀಬೇಡಿ."